ಮನೆಜೇಡಗಳು: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ಗೃಹವಾಸಿ ಜೇಡಗಳು

ಮನುಷ್ಯನು ತನಗಾಗಿ ಕಟ್ಟಿಕೊಂಡ ಗೋಡೆ, ಮಾಡು, ಮೂಲೆ, ಗೂಡುಗಳನ್ನು ಆಶ್ರಯಿಸಿ, ಅವನ ಅನುಮತಿಯನ್ನಾಗಲಿ ಅನ್ನವನ್ನಾಗಲಿ ಬೇಡದೆ, ಅವನ ದೀಪಕ್ಕೂ ಧಾನ್ಯಕ್ಕೂ ಮೈಗೂ ಮುತ್ತುವ ಕೀಟಗಳನ್ನೇ ಆಹಾರವಾಗಿ ಮಾಡಿಕೊಂಡು ಬಾಳುವ ಜೇಡಗಳಿಗೆ ಮನೆಜೇಡಗಳೆಂದು ಹೆಸರು. ಪ್ರಾಣಿಶಾಸ್ತ್ರದ ವರ್ಗೀಕರಣದಲ್ಲಿ ಇಂಥದೊಂದು ಕುಟುಂಬವಿಲ್ಲ. ಬೇರೆಬೇರೆ ಕುಟುಂಬಗಳಿಗೆ ಸೇರಿದ, ಬೇಟೆಯ ಕ್ರಮದಲ್ಲಿ ಒಂದಕ್ಕೊಂದು ಹೋಲದ ಪ್ರಭೇದಗಳು ಒಂದೇ ಸೂರಿನಡಿಯಲ್ಲಿ ಕೂಡಿಕೊಂಡಿರುವುದರಿಂದ ರೂಢಿಗೆ ಬಂದ ವಿಭಾಗ ಇದು. ಜಗತ್ತಿನಲ್ಲಿ ಈವರೆಗೆ ಹೆಸರಿಸಲ್ಪಟ್ಟ ಜೇಡಗಳ ಪ್ರಭೇದಗಳು 50,000ಕ್ಕೂ ಮೇಲ್ಪಟ್ಟಿದ್ದರೂ ಮನೆಯೊಳಗೆ ಸಂಸಾರ ಹೂಡಬಲ್ಲವು ಅವುಗಳಲ್ಲಿ ತೀರ ಕೆಲವೇ. ಆ ಕೆಲವು ಮಾತ್ರ ಮನುಷ್ಯನೊಡನೆ ಹಡಗು, ಗಾಡಿ, ಹೇರುಗಳಲ್ಲಿ ಸಂಚರಿಸಿ ಉಷ್ಣವಲಯದ ಬಹುಪಾಲನ್ನು ಆಕ್ರಮಿಸಿಕೊಂಡಿವೆ. ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ, ಈ ಮೂರು ಊರುಗಳ ಮನೆಗಳಲ್ಲಿ ಕಾಣಬರುವ ಜೇಡಗಳನ್ನೂ ಅವುಗಳೊಡನೆ ಇಲ್ಲಿಯ ಜನ ನಡೆಸಿಕೊಂಡು ಬಂದ ಬಾಳುವೆಯನ್ನೂ ಕುರಿತು ಇಲ್ಲಿ ವಿವರಿಸಲಾಗಿದೆ.

ಜೇಡವನ್ನು ಹುಳು ಎಂದು ಕರೆಯುವುದು ವಾಡಿಕೆಯಾದರೂ ಅದು ಕೀಟವರ್ಗಕ್ಕೆ ಸೇರಿದುದಲ್ಲ. ಕೀಟಕ್ಕೆ ಆರು ಕಾಲು, ಮೂರು ಭಾಗಗಳ ದೇಹ, ಮೀಸೆಗಳು, ಬಹುಮಟ್ಟಿಗೆ ರೆಕ್ಕೆಗಳು; ಜೇಡಕ್ಕೆ ಎಂಟು ಕಾಲು, ತಲೆಯೂ ಎದೆಯೂ ಒಂದಾಗಿ ಬೆಸೆದ ಮುಂಭಾಗ, ಅದಕ್ಕೆ ಸಣ್ಣ ನಡುವಿನಿಂದ ಅಂಟಿಕೊಂಡ ಹೊಟ್ಟೆ, ಬಾಯಿಯ ಮುಂದೆ ವಿಷದ ಕೊಕ್ಕೆಗಳು, ಹೊಟ್ಟೆಯ ತುದಿಯಲ್ಲಿ ನೂಲು ತೆಗೆಯುವ ಮೊಲೆಗಳು. ಚೇಳು, ಉಣ್ಣೆ, ನುಸಿಗಳು ಇದರ ದಾಯಾದಿಗಳು. ಘನಾಹಾರವನ್ನು ನುಂಗಲಾರದ ಈ ಜೀವಿ ಬೇಟೆಯ ಮೇಲೆ ಜೀರ್ಣರಸವನ್ನು ಕಾರಿ, ದೇಹದ ಹೊರಗೇ ಅದನ್ನು ದ್ರವರೂಪಕ್ಕೆ ತಂದು ಹೀರುತ್ತದೆ; ಬಲೆಯ ಕೆಳಗೆ ನೆಲದ ಮೇಲೆ ಬಿದ್ದಿರುವ ನೊಣ, ಜಿರಳೆಮರಿಗಳ ಹಗುರವಾದ ಸಿಪ್ಪೆಗಳು ಆ ಭೋಜನದ ಶೇಷ. ಕಾಲುಗಳನ್ನು ಮಡಿಸಲು ಅದಕ್ಕೆ ಸ್ನಾಯುಗಳುಂಟು. ಆದರೆ ಮುಖ್ಯವಾದ ಕೆಲವು ಕೀಲುಗಳನ್ನು ನೀಡಲು ಸ್ನಾಯುವಿಲ್ಲದೆ, ಒಳಗಿನ ದ್ರವದ ಒತ್ತಡದಿಂದಲೇ ಆ ಕಾರ್ಯ ನಡೆಯಬೇಕಾಗಿರುವುದರಿಂದ, ಪ್ರಾಣ ಹೋದೊಡನೆ ಒತ್ತಡವೂ ಹೋಗಿ ಎಂಟು ಕಾಲುಗಳೂ ಎದೆಯ ಕಡೆಗೆ ಮುದುಡಿಕೊಳ್ಳುತ್ತವೆ. ಕಸಬರಿಗೆಗೆ ಸಿಕ್ಕ ಸತ್ತ ಜೇಡ ಯಾವಾಗಲೂ ಕಾಲು ಮುದುಡಿಕೊಂಡೇ ಇರುವುದಕ್ಕೆ ಇದು ಕಾರಣ.

ಈ ಸೀಮೆಯ ಹವೆಯೂ ಮನೆಗಳ ರಚನೆಯೂ ಜೇಡದ ಒಕ್ಕಲಿಗೆ ಅನುಕೂಲವಾಗಿ ಒದಗಿಬಂದಿವೆ. ವರ್ಷಕ್ಕೆ 600 ಮಿಲಿಮೀಟರಿನೊಳಗಿನ ಮಳೆ, ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ತಾಪ, ಮರಗಳು ವಿರಳವಾದ ಎರೆಭೂಮಿಯ ಬಯಲು, ಇಂಥಲ್ಲಿ ನೆರಳೂ ತಂಪೂ ಮನೆಯೊಳಗಲ್ಲದೆ ಬೇರೆಲ್ಲಿಯೂ ಸಮೃದ್ಧವಾಗಿ ದೊರೆಯುವುದಿಲ್ಲ. ಹಳೆಯ ಮನೆಗಳಲ್ಲಿ ದಪ್ಪನೆಯ ಕಲ್ಲುಮಣ್ಣಿನ ಗೋಡೆ. ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲುಜಂತಿ, ಜಂತಿಯ ಮೇಲೆ ಮಣ್ಣಿನ ಮೇಲುಮುದ್ದೆ. ನಡುಮನೆಗೆ ಬೆಳಕು ಬರಲೆಂದು ಮಾಳಿಗೆಯಲ್ಲಿ ಬೆಳಕಿಂಡಿ. ಗೋಡೆಯಲ್ಲಿ ದೀಪದ ಗೂಡು. ತಲೆಯ ಮಟ್ಟಕ್ಕೆ ಡಬ್ಬಿ ಗಡಿಗೆಗಳನ್ನು ಹೊತ್ತ ನಾಗಂದಿಗೆ. ಒಂದು ಮಗ್ಗುಲಿಗೆ ಎತ್ತು ಎಮ್ಮೆಗಳಿಗೆ ಸ್ಥಳ. ದನಗಳಿಂದ ನೊಣ, ನೊಣದಿಂದ ಜೇಡಕ್ಕೆ ಅನ್ನ. ಜಂತಿಜಂತಿಗಳ ನಡುವೆ ಬಲೆಗೆ ಬೇಕಾದ ಆಧಾರ. ಬೆಳಕಿಂಡಿಯಿಂದ ಇಳಿಯುವ ಕಿರಣದ ಸುತ್ತ ಹಾರಾಡುವ ಕೀಟಗಳು. ಜೇಡವೇ ಕುಳಿತು ನಕ್ಷೆ ಬರೆದಿದ್ದರೂ ಇದಕ್ಕಿಂತ ಅನುಕೂಲವಾದ ಮನೆಯನ್ನು ಅದು ಯೋಜಿಸುತ್ತಿರಲಿಲ್ಲ. ನಗರದ ಹೊಸ ಬಡಾವಣೆಗಳಲ್ಲಿಯೂ ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳಲ್ಲಿಯೂ ಸಿಮೆಂಟಿನ ಚಪ್ಪಟೆ ಛಾವಣಿ ಬಂದು, ಜಂತಿಯೂ ನಾಗಂದಿಗೆಯೂ ಮಾಯವಾಗಿ, ದನ ಹೊರಗೆ ಹೋದ ಮೇಲೆ ಜೇಡಗಳ ಸಂಖ್ಯೆ ಇಳಿಯಿತಲ್ಲದೆ ಒಕ್ಕಲುತನ ಕೊನೆಗಾಣಲಿಲ್ಲ. ಟ್ಯೂಬ್‌ಲೈಟಿನ ಪಟ್ಟಿಯ ಹಿಂಬದಿ, ಸ್ನಾನದ ಮನೆಯ ಕಿಟಕಿ, ಜಗುಲಿಯ ದೇವರ ಪಟಗಳ ಸಂದು, ಮಾಳಿಗೆಯ ನೀರಿನ ಟ್ಯಾಂಕಿನ ಅಡಿ, ಇವು ಅದರ ಹೊಸ ನೆಲೆಗಳು.

ಇಲ್ಲಿಯ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಉದ್ದಗಾಲಿನ ಜೇಡಗಳ ಕುಟುಂಬ. ನೂಲಿನಂತೆ ತೆಳುವಾದ ನೀಳಗಾಲುಗಳ ನಡುವೆ ಅಕ್ಕಿಕಾಳಿನಷ್ಟು ಮೈಯನ್ನು ತೂಗಿಕೊಂಡು, ಛಾವಣಿ ಗೋಡೆಗಳು ಕೂಡುವ ಮೂಲೆಯಲ್ಲಿ ತಲೆಕೆಳಗಾಗಿ ಇರುಳೂ ಹಗಲೂ ನಿಂತಿರುವ ಈ ಜೀವಿಯನ್ನು ನೋಡದ ಮಗುವೂ ಈ ನಾಡಿನಲ್ಲಿ ಇರಲಾರದು. ಕುಟುಂಬದ ಮೂರು ಸದಸ್ಯರು ಭಾರತದ ಮನೆಗಳಿಗೆ ಚಿರಪರಿಚಿತರು: ಹೊಟ್ಟೆಯ ಹಿಂಭಾಗ ಮೇಲ್ಮುಖವಾಗಿ ಮೊನಚಾಗಿರುವ ಕ್ರಾಸೊಪ್ರೈಜಾ ಲೈಯೊನಿ, ಉದ್ದನೆಯ ಹೊಟ್ಟೆಯ, ಜಗತ್ತಿನ ತುಂಬ ಹಬ್ಬಿರುವ ಫೋಲ್ಕಸ್ ಫಲಂಜಿಯಾಯ್ಡಿಸ್, ಇವೆರಡಕ್ಕಿಂತ ದಪ್ಪನಾದ, ದುಂಡುಹೊಟ್ಟೆಯ ಆರ್ಟಿಮಾ ಅಟ್ಲಾಂಟಾ. ಮೊದಲನೆಯದನ್ನು ಬ್ಲಾಕ್‌ವಾಲ್ ಎಂಬ ಆಂಗ್ಲ ವಿದ್ವಾಂಸನು 1867ರಲ್ಲಿ ವರ್ಣಿಸಿದನು. ಮೂರನೆಯದಕ್ಕೆ ಗುಹೆ, ಹಳೆಯ ಕಟ್ಟಡ, ಕತ್ತಲು ತುಂಬಿದ ಕಲ್ಲುಕಮಾನುಗಳೆಂದರೆ ಅಚ್ಚುಮೆಚ್ಚು. ಆದಿಲಶಾಹಿ ಅರಸರು ಕಟ್ಟಿಸಿದ ಮಸೀದಿ, ರೋಜಾ, ಮಹಲು, ಬಾವಡಿಗಳಿಂದ ಕಿಕ್ಕಿರಿದ ವಿಜಯಪುರದಂಥ ಪಟ್ಟಣ ಅದರ ಸ್ವಭಾವಕ್ಕೆ ಒಗ್ಗುವಂಥದು. 1656ರ ಸುಮಾರಿಗೆ ಮುಗಿದ ಗೋಲಗುಮ್ಮಟದ ಮೂಲೆಗೋಪುರಗಳಲ್ಲಿ ಸುತ್ತಿ ಏರುವ ಮೆಟ್ಟಿಲುಗಳ ಮೇಲೆ ಪಿಸುಗುಟ್ಟುವ ಗ್ಯಾಲರಿಯ ಸೋಜಿಗಕ್ಕಾಗಿ ಅವಸರಪಡುವ ಯಾತ್ರಿಕನು ತಲೆಯೆತ್ತಿ ನೋಡುವುದು ಅಪರೂಪ.

ಉದ್ದಗಾಲಿನ ಜೇಡದ ಬಲೆಗೆ ಕ್ರಮವಾದ ವಿನ್ಯಾಸವಿಲ್ಲ. ಗೋಂದಿಗಿಂತ ಸಿಕ್ಕಿನ ಮೇಲೆಯೇ ಹೆಚ್ಚು ನೆಚ್ಚಿಕೊಂಡ ಆ ಗೋಜಲಿನಲ್ಲಿ ಸೊಳ್ಳೆಯೊ ನೊಣವೊ ತೊಡಕಿಕೊಂಡೊಡನೆ, ಜೇಡವು ದೂರದಲ್ಲಿಯೇ ನಿಂತು ಹಿಂಗಾಲುಗಳಿಂದ ಎಳೆಯ ಮೇಲೆ ಎಳೆಯನ್ನು ಎಸೆದು, ಬೇಟೆ ಅಲುಗಾಡದಂತೆ ಕಟ್ಟಿಹಾಕಿದ ಬಳಿಕವೇ ಹತ್ತಿರ ಬಂದು ಕಚ್ಚುತ್ತದೆ. ನೀಳಗಾಲಿನ ಪ್ರಯೋಜನ ಇಲ್ಲಿ ವ್ಯಕ್ತವಾಗುತ್ತದೆ. ತನಗಿಂತ ಬಲಶಾಲಿಯಾದ ಇತರ ಜೇಡಗಳನ್ನೂ ಅದು ಇದೇ ಉಪಾಯದಿಂದ ಕೊಂದು ತಿನ್ನಬಲ್ಲುದು. ಬೆರಳು ತಾಕಿಸಿದರೆ ಓಡುವುದಕ್ಕೆ ಬದಲು ಬಲೆಯಲ್ಲಿಯೇ ನಿಂತು ಮೈಯನ್ನು ಗರಗರನೆ ತಿರುಗಿಸುತ್ತದೆ. ಆ ವೇಗದಲ್ಲಿ ಅದರ ಆಕಾರವೇ ಮಸುಕಾಗಿ, ಹಿಡಿಯಬಂದ ಶತ್ರುವಿಗೆ ಗುರಿ ತಪ್ಪುತ್ತದೆ. ಹೆಣ್ಣು ತನ್ನ ಮೊಟ್ಟೆಗಳನ್ನು ನಾಲ್ಕಾರು ಎಳೆಗಳಿಂದ ಬಿಗಿದು, ಮರಿಗಳು ಹೊರಡುವ ತನಕ ಆ ಗೊಂಚಲನ್ನು ಬಾಯಿಯಲ್ಲೇ ಕಚ್ಚಿಕೊಂಡಿರುತ್ತದೆ. ಥಾಯ್ಲೆಂಡಿನಲ್ಲಿ ನಡೆದ ಪರೀಕ್ಷೆಗಳಲ್ಲಿ ಕ್ರಾಸೊಪ್ರೈಜಾ ಲೈಯೊನಿ, ಡೆಂಗೆ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗಳನ್ನು ಹಿಡಿದು ತಿನ್ನುವುದು ಕಂಡುಬಂದಿದೆ. ನಲ್ಲಿಯ ನೀರು ನಿತ್ಯ ಬಾರದೆ ಮನೆಮನೆಗಳಲ್ಲಿಯೂ ಬ್ಯಾರಲ್ಲು, ತೊಟ್ಟಿ, ಸಿಂಟೆಕ್ಸುಗಳಲ್ಲಿ ನೀರು ತುಂಬಿಡುವ ಪದ್ಧತಿ ಬೇರೂರಿರುವ ವಿಜಯಪುರದಂಥ ನಗರದಲ್ಲಿ, ಆ ನಿಂತ ನೀರೇ ಈಡಿಸಿನ ತವರಾಗಿರುವಾಗ, ಬಚ್ಚಲ ಮೂಲೆಯ ಈ ಬಡಕಲು ಜೇಡದ ಉಪಕಾರವನ್ನು ಮರೆಯತಕ್ಕದ್ದಲ್ಲ. ಬಲೆಗೆ ಧೂಳು ಹಿಡಿದಾಗ ಅದು ಹಳೆಯದನ್ನು ಬಿಟ್ಟು ಪಕ್ಕದಲ್ಲಿ ಹೊಸದನ್ನು ಹೂಡುತ್ತದೆ ಎಂಬುದೊಂದೇ ಅದರ ಮೇಲೆ ಗೃಹಿಣಿಯರು ಹೊರಿಸಬಹುದಾದ ನ್ಯಾಯವಾದ ಆರೋಪ. ಒಲೆಯ ಮೇಲೆ ಮಸಿಹಿಡಿದು ಜೋಲುವ ಇಲ್ಲಣವೂ ನಡುಮನೆಯ ಜಂತಿಗಳಲ್ಲಿ ಕಟ್ಟಿದ ಜಾಡವೂ ಬಹುಪಾಲು ಹೀಗೆ ಒಡೆಯನು ಬಿಟ್ಟುಹೋದ ಪಾಳುಮನೆಗಳೇ.

ಬಲೆಯನ್ನೇ ನೇಯದೆ ಬೇಟೆಯಾಡುವ ಮನೆಜೇಡಗಳಲ್ಲಿ ಜಿಗಿಯುವ ಜೇಡಗಳು ಮೊದಲನೆಯವು. ಬಿಸಿಲು ಬಿದ್ದ ಗೋಡೆಯ ಮೇಲೆ, ಕಿಟಕಿಯ ಸರಳಿನ ಮೇಲೆ ತಟಕ್ಕನೆ ನಿಂತು, ತಿರುಗಿ, ನೋಡುವವನನ್ನೇ ನೋಡುವ ಗಿಡ್ಡನೆಯ ರೋಮಭರಿತ ಜೇಡ ಇದೇ. ಮೆನಿಮೆರಸ್ ಬೈವಿಟ್ಯಾಟಸ್, ಪ್ಲೆಕ್ಸಿಪಸ್ ಪೇಕುಲಿ, ಹಸೇರಿಯಸ್ ಆಡನ್ಸೊನಿ ಎಂಬವು ಉಷ್ಣದೇಶಗಳ ಮನೆಗಳಲ್ಲೆಲ್ಲ ಸಾಮಾನ್ಯ. ಎಂಟು ಕಣ್ಣುಗಳಲ್ಲಿ ಮುಂದಿನ ನಡುವಣ ಎರಡು ದೊಡ್ಡವು. ಅವುಗಳ ಮಸೂರ ಕದಲದಿದ್ದರೂ ಒಳಗಿನ ಅಕ್ಷಿಪಟಲ ಅತ್ತಿತ್ತ ಹೊರಳುತ್ತದೆ. ಉಳಿದ ಕಣ್ಣುಗಳು ಸುತ್ತಲಿನ ಚಲನೆಯನ್ನು ಗಮನಿಸುತ್ತಿರುತ್ತವೆ. ನೊಣವನ್ನು ಕಂಡೊಡನೆ ಹೆಜ್ಜೆಹೆಜ್ಜೆಯಾಗಿ ಸಮೀಪಿಸಿ, ನಿಂತ ಜಾಗಕ್ಕೆ ಒಂದು ಎಳೆಯನ್ನು ಅಂಟಿಸಿ, ಹಿಂಗಾಲುಗಳಿಗೆ ದ್ರವದ ಒತ್ತಡವನ್ನು ಒಮ್ಮೆಗೇ ನೂಕಿ ಹಾರುತ್ತದೆ. ಗುರಿ ತಪ್ಪಿದರೆ ಆ ಎಳೆಯಲ್ಲೇ ಜೋತು ಮರಳಿ ಏರುತ್ತದೆ. ಗಂಡು ಹೆಣ್ಣಿನ ಮುಂದೆ ಮುಂಗಾಲೆತ್ತಿ ಕುಣಿಯುವ ಪ್ರಣಯನೃತ್ಯ ನೋಡುವಂಥದು. ಕುಣಿತ ಹಿಡಿಸದಿದ್ದರೆ ನರ್ತಕನು ಊಟವಾಗುವುದೂ ಉಂಟು. ಆಫ್ರಿಕದ ವಿಕ್ಟೋರಿಯಾ ಸರೋವರದ ದಂಡೆಯ ಮನೆಗಳಲ್ಲಿ ಇದೇ ಕುಟುಂಬದ ಒಂದು ಪ್ರಭೇದ ರಕ್ತ ಕುಡಿದು ಉಬ್ಬಿದ ಸೊಳ್ಳೆಗಳನ್ನೇ ಆಯ್ದು ತಿನ್ನುತ್ತದೆಂಬುದು ಪರೀಕ್ಷೆಗಳಿಂದ ಸಿದ್ಧವಾಗಿದೆ. ನಮ್ಮ ಗೋಡೆಗಳ ಮೇಲಿನವಕ್ಕೆ ಇಂಥ ಪಕ್ಷಪಾತವಿಲ್ಲ, ಸಿಕ್ಕಿದ್ದೇ ಸೈ.

ಇನ್ನು ಮನೆಮಂದಿಯೆಲ್ಲ ಎದ್ದು ನಿಲ್ಲುವಂತೆ ಮಾಡುವ ಜೇಡವೊಂದಿದೆ. ಅಂಗೈಯಷ್ಟು ಹರಹಿನ ಕಾಲುಗಳನ್ನು ಏಡಿಯ ರೀತಿಯಲ್ಲಿ ಪಕ್ಕಕ್ಕೆ ಚಾಚಿ, ಚಪ್ಪಟೆ ಮೈಯನ್ನು ಗೋಡೆಗೆ ಅವಚಿಕೊಂಡು, ದೀಪ ಹೊತ್ತಿಸಿದ ಕ್ಷಣದಲ್ಲಿ ಕಣ್ಣಿಗೆ ಬಿದ್ದು ಮರುಕ್ಷಣದಲ್ಲಿ ಕಪಾಟಿನ ಹಿಂದೆ ಮರೆಯಾಗುವ ಕಂದುಬಣ್ಣದ ಹೆಟಿರೊಪೊಡಾ ವೆನಟೋರಿಯಾ ಇದು. ಲಿನೇಯಸನು 1767ರಲ್ಲೇ ಇದನ್ನು ಹೆಸರಿಸಿದ್ದಾನೆ. ರಾತ್ರಿಸಂಚಾರಿಯಾದ ಈ ಬೇಟೆಗಾರ ಜೇಡಕ್ಕೆ ಜಿರಳೆ ಮುಖ್ಯಾಹಾರ. ಹೆಣ್ಣು ಬಿಲ್ಲೆಯಾಕಾರದ ಬಿಳಿಯ ಮೊಟ್ಟೆಚೀಲವನ್ನು ಎದೆಯಡಿಯಲ್ಲಿ ಹಿಡಿದುಕೊಂಡು ವಾರಗಟ್ಟಲೆ ಸಂಚರಿಸುತ್ತದೆ. ಹಿಡಿಯಹೋದವನನ್ನು ಅದು ಕಚ್ಚಬಹುದು, ಕಚ್ಚಿದರೆ ನೋವೂ ಆಗಬಹುದು. ಆದರೆ ಪ್ರಾಣಕ್ಕೆ ಅಪಾಯವಿಲ್ಲ, ತಾನಾಗಿ ಮೈಮೇಲೆ ಬೀಳುವ ಸ್ವಭಾವವೂ ಅದಕ್ಕಿಲ್ಲ. ಇದರ ಗಾತ್ರವೇ ಇದರ ದುರ್ದೈವ. ಜಿರಳೆಯನ್ನು ಚಪ್ಪಲಿಯಿಂದ ಬಡಿಯಲು ಹಿಂದೆಗೆಯುವ ಕೈಯೂ ಜಿರಳೆಯ ವೈರಿಯಾದ ಇದನ್ನು ಬಡಿಯಲು ಹಿಂದೆಗೆಯುವುದಿಲ್ಲ.

ಉಳಿದವರನ್ನು ಸಂಕ್ಷೇಪವಾಗಿ ಹೇಳಬಹುದು. ಸುಣ್ಣ ಬಳಿದ ಗೋಡೆಯ ತಗ್ಗುಗಳ ಮೇಲೆ ಉಗುರಗಲದ ಬಿಳಿಯ ಡೇರೆ ಹೊಡೆದು ಇರುವೆಗಳನ್ನು ಹಿಡಿಯುವ ಗೋಡೆಜೇಡ. ಬೇಟೆಯ ಮೇಲೆ ಅಂಟುದ್ರವವನ್ನು ಉಗುಳಿ ಗೋಡೆಗೆ ಅಂಟಿಸಿಬಿಡುವ, ನಿಧಾನಗತಿಯ ಉಗುಳುಜೇಡ. ನಾಗಂದಿಗೆಯ ಅಡಿಯಲ್ಲಿ ಅಂಟೆಳೆಗಳನ್ನು ನೆಲಕ್ಕೆ ಬಿಗಿದು ಹರಿದಾಡುವ ಹುಳುಗಳನ್ನು ಮೇಲಕ್ಕೆ ಸೇದುವ ದುಂಡುಹೊಟ್ಟೆಯ ಜೇಡ. ಹೊಸ್ತಿಲಿನ ಹೊರಗೆ, ಹಿತ್ತಿಲಿನ ಕರಿಬೇವು, ದಾಸವಾಳಗಳ ನಡುವೆ ಚಕ್ರಾಕಾರದ ಬಲೆ ಕಟ್ಟಿ, ಅದರ ಮಧ್ಯದಲ್ಲಿ ಅಂಕುಡೊಂಕಾದ ಬಿಳಿಯ ಗೆರೆಗಳನ್ನು ಹೊಲಿದು, ಜೋಡಿಜೋಡಿಯಾಗಿ ಕಾಲಿಟ್ಟು ಕೂರುವ ಆರ್ಜಿಯೋಪಿ ಜೇಡ ಮನೆಯದಲ್ಲದಿದ್ದರೂ ನೆರೆಯದು.

ಆದರೆ ದಖ್ಖನಿನ ಒಣಭೂಮಿಗೆ ವಿಶಿಷ್ಟವೆನ್ನಬಹುದಾದ ಒಂದು ಜೇಡದ ಬಗೆಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಹೊಲದ ಬದುವಿನ ಜಾಲಿಯಲ್ಲಿ, ಮುಳ್ಳುಬೇಲಿಯಲ್ಲಿ ಒಣಎಲೆ, ಕೀಟಗಳ ಸಿಪ್ಪೆಗಳೆಲ್ಲ ಸೇರಿ ಕಟ್ಟಿದ ಸ್ಪಂಜಿನಂಥ ಮಾಸಲು ಗೂಡೊಂದು ಕಂಡರೆ ಅದು ಬಹುಮಟ್ಟಿಗೆ ಸ್ಟೆಗೊಡೈಫಸ್ ಸಾರಸಿನೋರಮ್ ಎಂಬ ಸಂಘಜೀವಿ ಜೇಡದ ಊರು. ಒಂದನ್ನೊಂದು ಕಂಡರೆ ತಿನ್ನುವುದೇ ಜೇಡಕುಲದ ಸಾಮಾನ್ಯ ಧರ್ಮವಾಗಿರುವಾಗ ಇವು ನೂರಾರು ಒಂದೇ ಗೂಡಿನಲ್ಲಿ ಕೂಡಿ ಬಲೆ ನೇಯುತ್ತವೆ, ಕೂಡಿ ಬೇಟೆಯಾಡುತ್ತವೆ, ಕೂಡಿ ಉಣ್ಣುತ್ತವೆ; ಕೊನೆಯಲ್ಲಿ ತಾಯಂದಿರ ದೇಹವನ್ನೇ ಮರಿಗಳು ಹೀರಿ ಬೆಳೆಯುತ್ತವೆ. ಮದರಾಸು ಪ್ರಾಂತದ ಎನ್. ಎಸ್. ಜಂಬುನಾಥನ್ ಎಂಬವರು ಈ ಜೇಡದ ಜೀವನಚರಿತ್ರೆಯನ್ನು ಕುರಿತು ಬರೆದ ಪ್ರಬಂಧ 1905ರಷ್ಟು ಹಿಂದೆಯೇ ಪ್ರಕಟವಾಗಿ ಇಂದಿಗೂ ಮಾನ್ಯವಾಗಿದೆ. ಮೆಕ್ಸಿಕೋ ದೇಶದ ಹಳ್ಳಿಗಳಲ್ಲಿ ಇಂಥದೇ ಮತ್ತೊಂದು ಸಂಘಜೀವಿ ಜೇಡದ ಗೂಡನ್ನು ಕೊಂಬೆಸಹಿತ ಕಡಿದು ತಂದು, ಮಳೆಗಾಲದ ನೊಣಗಳನ್ನು ಹಿಡಿಯಲೆಂದು ಮನೆಯೊಳಗೆ ತೂಗುಹಾಕುತ್ತಿದ್ದರು. ನಮ್ಮ ರೈತನು ಗೂಡನ್ನು ಬೇಲಿಯಲ್ಲಿಯೇ ಬಿಟ್ಟಿದ್ದಾನೆ. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬಂದು ಬಿಳಿಜೋಳದ ಬೆಳೆಯ ನಡುವೆ ಚರಗ ಚೆಲ್ಲುವಾಗ ಕಾಲಿಗೆ ತೊಡರುವ ಎಳೆಗಳೂ ಇವುಗಳ ಬಂಧುಗಳವೇ. ಮನುಷ್ಯನು ಬೆಳೆಯನ್ನು ಎಣಿಸುವಾಗ ಜೇಡವನ್ನು ಎಣಿಸುವುದಿಲ್ಲ. ಆದರೆ ಜಗತ್ತಿನ ಜೇಡಗಳೆಲ್ಲ ಸೇರಿ ವರ್ಷವೊಂದಕ್ಕೆ ತಿನ್ನುವ ಬೇಟೆ 40 ಕೋಟಿಯಿಂದ 80 ಕೋಟಿ ಟನ್ನುಗಳಷ್ಟಾಗಬಹುದೆಂದು 2017ರಲ್ಲಿ ಇಬ್ಬರು ಯೂರೋಪೀಯ ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ, ಅದರಲ್ಲಿ ಬಹುಪಾಲು ಕೀಟಗಳು. ತಿಕೋಟಾ ಭಾಗದ ದ್ರಾಕ್ಷಿತೋಟಗಳಲ್ಲಿ ಚಪ್ಪರದ ತಂತಿಯಿಂದ ತಂತಿಗೆ ಬಲೆ ಕಟ್ಟುವ ಜೇಡಗಳು ಅದೇ ಸೇವೆಯನ್ನು ಮಾಡುತ್ತಿದ್ದರೂ, ಔಷಧಿ ಹೊಡೆಯುವಾಗ ಥ್ರಿಪ್ಸ್ ಕೀಟಗಳೊಡನೆ ಅವೂ ಸಾಯುತ್ತವೆ. ದ್ರಾಕ್ಷಿಯನ್ನು ಮಣೂಕವಾಗಿ ಒಣಗಿಸುವ ಶೆಡ್ಡುಗಳಲ್ಲಿ ಮಾತ್ರ ಜಾಡವನ್ನು ಸಹಿಸಲಾಗದು. ಅಲ್ಲಿ ಜಾಳಿಗೆಯ ಮೇಲೆ ಹರಡಿದ ಹಣ್ಣಿಗೆ ಧೂಳೂ ಎಳೆಯೂ ಅಂಟದಂತೆ ನೋಡಿಕೊಳ್ಳುವುದು ವ್ಯಾಪಾರದ ಅಗತ್ಯ, ಅದನ್ನು ಆಕ್ಷೇಪಿಸುವಂತಿಲ್ಲ.

ಜೇಡದ ನೂಲು ದೇಹದೊಳಗೆ ದ್ರವರೂಪದ ಸಸಾರಜನಕ. ಶಾವಿಗೆಯ ಒರಳಿನಿಂದ ಹಿಟ್ಟು ಹೊರಬೀಳುವಂತೆ ಅದು ಒತ್ತಡದಿಂದ ಹೊರಬೀಳುವುದಿಲ್ಲ. ಹೊರಗೆ ಎಲ್ಲಿಯೋ ಅಂಟಿಸಿ, ಕಾಲಿನಿಂದಲೊ ಮೈಯ ಭಾರದಿಂದಲೊ ಎಳೆದಾಗ, ಎಳೆದುದರಿಂದಲೇ ಒಳಗಿನ ಅಣುಗಳು ಒಂದೇ ದಿಕ್ಕಿಗೆ ಹೊಂದಿಕೊಂಡು ಗಟ್ಟಿಯಾದ ತಂತುವಾಗುತ್ತದೆ. ಸಮತೂಕದ ಉಕ್ಕಿನೊಡನೆ ಹೋಲಿಸಬಹುದಾದ ಬಲ ಇದಕ್ಕುಂಟು, ಉಕ್ಕಿಗಿಲ್ಲದ ಹಿಗ್ಗುವ ಗುಣವೂ ಉಂಟು. ಮುಂಡಕೋಪನಿಷತ್ತು ಅಕ್ಷರತತ್ತ್ವದಿಂದ ವಿಶ್ವವು ಹೊರಹೊಮ್ಮುವುದಕ್ಕೆ ಊರ್ಣನಾಭಿಯನ್ನು, ಎಂದರೆ ಜೇಡವನ್ನು, ದೃಷ್ಟಾಂತವಾಗಿ ತೆಗೆದುಕೊಂಡು, ಅದು ಎಳೆಯನ್ನು ಬಿಡುವುದಲ್ಲದೆ ಮರಳಿ ಒಳಕ್ಕೆ ತೆಗೆದುಕೊಳ್ಳುವುದನ್ನೂ ಹೇಳಿದೆ. ಇದನ್ನು ಬರಿಯ ಕಾವ್ಯವೆಂದು ಬಗೆಯಬೇಕಾಗಿಲ್ಲ. ಚಕ್ರಾಕಾರದ ಬಲೆ ಕಟ್ಟುವ ಜೇಡಗಳು ತಮ್ಮ ಹಳೆಯ ಬಲೆಯನ್ನು ತಾವೇ ತಿಂದು, ಅದರ ಸಾರದಿಂದ ಹೊಸ ನೂಲನ್ನು ತಯಾರಿಸುವುದು ಇಂದು ಪ್ರಯೋಗಸಿದ್ಧವಾದ ಸಂಗತಿ. ಅದನ್ನು ಅಂದಿನ ಋಷಿಯು ಯಾವುದೊ ಮುಂಜಾವಿನಲ್ಲಿ ಕಣ್ಣಾರೆ ಕಂಡಿರಬಹುದು. ಈ ನೂಲಿನಿಂದ ಬಟ್ಟೆ ನೇಯುವ ಆಸೆ ಮನುಷ್ಯನಿಗೆ ಹುಟ್ಟದೆ ಇರಲಿಲ್ಲ. 18ನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಬಾನ್ ಎಂಬವನು ಜೇಡದ ರೇಷ್ಮೆಯಿಂದ ಕಾಲುಚೀಲ, ಕೈಗವಸುಗಳನ್ನು ಮಾಡಿಸಿ ತೋರಿಸಿದನು. ಅದನ್ನು ಪರೀಕ್ಷಿಸಿದ ರೆಯೊಮೂರನು, ಕೂಡಿಟ್ಟರೆ ಒಂದನ್ನೊಂದು ತಿನ್ನುವ ಪ್ರಾಣಿಯಿಂದ ಉದ್ಯಮ ನಡೆಯದೆಂದು ನಿರ್ಣಯಿಸಿದನು. ಇಳಕಲ್ಲಿನ ನೇಕಾರನು ರೇಷ್ಮೆಹುಳುವನ್ನೇ ನಂಬಿ ಕೆಟ್ಟಿಲ್ಲ.

ಜೇಡವೆಂದರೆ ವಿಷವೆಂಬ ಭಾವನೆ ನಮ್ಮಲ್ಲಿ ಪ್ರಾಚೀನವಾದುದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಲೂತಾ ಎಂಬ ಹೆಸರಿನಿಂದ 16 ಬಗೆಯ ಜೇಡಗಳನ್ನು ಎಣಿಸಿ, ಎಂಟರ ವಿಷವು ಕಷ್ಟಸಾಧ್ಯವೆಂದೂ ಎಂಟರದು ಅಸಾಧ್ಯವೆಂದೂ ವಿಂಗಡಿಸಲಾಗಿದೆ. ಕಾಮಧೇನುವಿನ ನಿಮಿತ್ತ ವಿಶ್ವಾಮಿತ್ರನ ಮೇಲೆ ಕೋಪಗೊಂಡ ವಸಿಷ್ಠನ ಬೆವರಿನ ಹನಿಗಳು ಕೊಯ್ದ ಹುಲ್ಲಿನ ಮೇಲೆ ಬಿದ್ದು ಇವು ಹುಟ್ಟಿದುವೆಂಬ ಕಥೆಯೂ ಅಲ್ಲಿದೆ. ಅಲ್ಲಿ ವರ್ಣಿತವಾದ ಹುಣ್ಣು, ದದ್ದು, ಜ್ವರಗಳಲ್ಲಿ ಎಷ್ಟೋ ಚರ್ಮರೋಗಗಳು ಜೇಡದ ತಲೆಗೆ ಕಟ್ಟಲ್ಪಟ್ಟಿರುವಂತೆ ತೋರುತ್ತದೆ. ಆ ಪದ್ಧತಿ ಇನ್ನೂ ನಿಂತಿಲ್ಲ. ಬೆಳಗ್ಗೆ ಎದ್ದಾಗ ಕುತ್ತಿಗೆಯ ಮೇಲೊ ಕಣ್ಣಿನ ಬಳಿಯೊ ಉರಿಯುವ ಕೆಂಪುಗೆರೆ ಎದ್ದು ನೀರುಗುಳ್ಳೆಯಾದರೆ, ಮಲಗಿದಾಗ ಜೇಡ ಉಚ್ಚೆ ಹೊಯ್ದಿದೆ ಎಂದು ಮನೆಯ ಹಿರಿಯರು ಖಚಿತವಾಗಿ ಹೇಳುವರು. ಅಂಥ ಗೆರೆಯ ಕರ್ತೃ ಬಹುಮಟ್ಟಿಗೆ ಪೀಡೆರಸ್ ಎಂಬ, ಕೆಂಪುಕಪ್ಪು ಪಟ್ಟೆಗಳ ಇರುವೆಯಾಕಾರದ ಪುಟ್ಟ ಜೀರುಂಡೆ. ಮಳೆಗಾಲದಲ್ಲಿಯೂ ಅದರ ಬೆನ್ನಲ್ಲಿಯೂ ದೀಪಕ್ಕೆ ಬಂದು ಮೈಮೇಲೆ ಬಿದ್ದ ಅದನ್ನು ನಿದ್ದೆಗಣ್ಣಿನಲ್ಲಿ ಒರಸಿ ಜಜ್ಜಿದಾಗ ದೇಹದ್ರವದ ಪೀಡೆರಿನ್ ಎಂಬ ವಸ್ತು ಚರ್ಮವನ್ನು ಸುಡುತ್ತದೆ. ದೇಹದ ಒಂದೇ ಮಗ್ಗುಲಿಗೆ ಪಟ್ಟಿಯಾಗಿ ಎದ್ದು ನೋಯಿಸುವ ಸರ್ಪಸುತ್ತು ವೈರಸ್ಸಿನ ರೋಗ. ಅದಕ್ಕೂ ಜೇಡಕ್ಕೂ ಸಂಬಂಧವಿಲ್ಲ. ಗಾಯಕ್ಕೆ ಜೇಡರಬಲೆಯನ್ನು ಮೆತ್ತಿ ರಕ್ತ ನಿಲ್ಲಿಸುವ ಹಳ್ಳಿಯ ಔಷಧಕ್ಕೆ ಮಾತ್ರ ಯಾರೂ ಹೆದರದಿರುವುದು ವಿಚಿತ್ರ. ಧೂಳುಹಿಡಿದ ಬಲೆಯಿಂದ ಗಾಯಕ್ಕೆ ನಂಜಾಗುವ ಭಯ ಜೇಡದ ಕಡಿತಕ್ಕಿಂತ ಹೆಚ್ಚು ನಿಜವಾದುದು.

ಆಸ್ಟ್ರೇಲಿಯದ ಸಿಡ್ನಿಯ ಆಲಿಕೆಬಲೆಯ ಜೇಡ, ಅಮೆರಿಕದ ಕರಿವಿಧವೆ ಮೊದಲಾದುವು ಮನುಷ್ಯನಿಗೆ ನಿಜವಾಗಿ ಅಪಾಯಕರ. ಇಲ್ಲಿಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ, ಮೇಲೆ ಹೇಳಿದ ಯಾವ ಜೇಡವೂ ಆ ಗುಂಪಿನದಲ್ಲ. ಉದ್ದಗಾಲಿನ ಜೇಡದ ವಿಷ ಜಗತ್ತಿನಲ್ಲೇ ಘೋರವೆಂದು ಹಬ್ಬಿರುವ ಮಾತಿಗೆ ಯಾವ ಆಧಾರವೂ ಇಲ್ಲ. ವಿಜಯಪುರದ ಕಲ್ಲುಮಣ್ಣಿನ ಗೋಡೆಗಳಲ್ಲಿ ಭಯಪಡಬೇಕಾದ ಪ್ರಾಣಿ ಕೆಂಪುಚೇಳು. ಅದು ಕುಟುಕಿದರೆ, ವಿಶೇಷವಾಗಿ ಮಕ್ಕಳಿಗೆ, ಹೃದಯಕ್ಕೇ ಧಕ್ಕೆಯಾಗಬಹುದಾದುದರಿಂದ ಮಂತ್ರ ತಂತ್ರಗಳಲ್ಲಿ ವೇಳೆ ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಬೇಸಗೆಯ ರಾತ್ರಿ ಅಂಗಳದ ದೀಪಕ್ಕೆ ಧಾವಿಸಿ ಬರುವ, ದೊಡ್ಡ ದವಡೆಯ, ಹಳದಿ ರೋಮದ ಒಂಟೆಜೇಡವನ್ನು ಕಂಡು ಜನ ಚೇಳಿಗಿಂತ ಹೆಚ್ಚು ಬೆದರುತ್ತಾರೆ. ಅದು ಹೆಸರಿಗೆ ಜೇಡ, ಬೇರೆಯೇ ಗಣದ ಪ್ರಾಣಿ. ವಿಷವಿಲ್ಲ, ನೂಲಿಲ್ಲ, ಓಟ ಮಾತ್ರ ಉಂಟು.

ವೈದ್ಯಶಾಸ್ತ್ರದಲ್ಲಿ ವಿಷಜಂತುವೆಂದು ನಿಂದಿತವಾದ ಜೇಡಕ್ಕೆ ಶ್ರದ್ಧೆಯ ಲೋಕದಲ್ಲಿ ಗೌರವದ ಸ್ಥಾನವೂ ದೊರೆತಿದೆ. ಶ್ರೀಕಾಳಹಸ್ತಿಯ ಸ್ಥಳಪುರಾಣದಲ್ಲಿ ಜೇಡ, ಸರ್ಪ, ಆನೆ ಈ ಮೂರೂ ಲಿಂಗವನ್ನು ಪೂಜಿಸಿ ಮುಕ್ತಿ ಪಡೆದುವೆಂದೂ ಅವುಗಳಿಂದಲೇ ಕ್ಷೇತ್ರಕ್ಕೆ ಆ ಹೆಸರು ಬಂದಿತೆಂದೂ ಹೇಳಿದೆ. ಬೇಡರ ಕಣ್ಣಪ್ಪನು ಕಣ್ಣು ಕಿತ್ತುಕೊಟ್ಟ ಸ್ಥಳವೂ ಅದೇ ಆದುದರಿಂದ ಕನ್ನಡ ಶೈವರಿಗೆ ಈ ಕಥೆ ಅಪರಿಚಿತವಲ್ಲ. ಇಸ್ಲಾಮೀ ಪರಂಪರೆಯಲ್ಲಿ, ಕ್ರಿ. ಶ. 622ರ ಹಿಜರತ್ತಿನ ಕಾಲಕ್ಕೆ ಪ್ರವಾದಿ ಮಹಮ್ಮದರು ಅಬೂಬಕರರೊಡನೆ ಸೌರ್ ಗುಹೆಯಲ್ಲಿ ಅಡಗಿದ್ದಾಗ ಜೇಡವೊಂದು ಗುಹೆಯ ಬಾಯಿಗೆ ಬಲೆ ನೇದು, ಬೆನ್ನಟ್ಟಿ ಬಂದವರು ಒಳಗೆ ಯಾರೂ ಹೊಕ್ಕಿರಲಾರರೆಂದು ಹಿಂದಿರುಗುವಂತೆ ಮಾಡಿತೆಂಬ ಕಥೆ ಪ್ರಸಿದ್ಧ. ಕುರಾನಿನ 29ನೆಯ ಅಧ್ಯಾಯಕ್ಕೆ ಜೇಡದ ಹೆಸರೇ ಇದೆ. ಅಲ್ಲಿ ಅದರ ಮನೆಯನ್ನು ಮನೆಗಳಲ್ಲೆಲ್ಲ ದುರ್ಬಲವಾದುದೆಂದು ಉಪಮಿಸಲಾಗಿದೆ. ಗುಹೆಯ ಕಥೆಯನ್ನು ನೆನೆದು ಜೇಡವನ್ನು ಕೊಲ್ಲಲು ಹಿಂಜರಿಯುವ ಮುಸಲ್ಮಾನ ಕುಟುಂಬಗಳು ಅನೇಕ. ದರ್ಗಾ ಮಠಗಳೆರಡಕ್ಕೂ ಒಂದೇ ಜನ ನಡೆದುಕೊಳ್ಳುವ ಇಂಥ ಸೀಮೆಯಲ್ಲಿ ಎರಡು ಕಥೆಗಳೂ ಒಂದೇ ಓಣಿಯಲ್ಲಿ ಕೇಳಸಿಗುತ್ತವೆ.

ಇಷ್ಟಾದರೂ ಜಾಡ ಕಟ್ಟಿದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲವೆಂಬ ನಂಬಿಕೆಯೂ ಅಷ್ಟೇ ಬಲವಾದುದು. ಮಹಾನವಮಿಯ ಘಟಸ್ಥಾಪನೆಗೆ ಮೊದಲು ಹಾಸಿಗೆ ಕೌದಿಗಳನ್ನೆಲ್ಲ ಹಳ್ಳಕ್ಕೊ ಬಾವಿಗೊ ಒಯ್ದು ಒಗೆದು, ಪಾತ್ರೆಪಗಡಗಳನ್ನು ಅಂಗಳಕ್ಕೆ ಇಳಿಸಿ, ಗಳದ ತುದಿಗೆ ಕಸಬರಿಗೆ ಕಟ್ಟಿ, ಸೆರಗನ್ನು ಮೂಗಿಗೆ ಸುತ್ತಿಕೊಂಡು ಹೆಂಗಸರು ಜಂತಿಯಿಂದ ಜಂತಿಗೆ ಜಾಡ ಹೊಡೆಯುವುದು, ಆ ಬಳಿಕ ಸುಣ್ಣ ಬಳಿಯುವುದು ಇಲ್ಲಿಯ ಸಂಪ್ರದಾಯ. ಯುಗಾದಿಗೆ ಇದರ ಸಂಕ್ಷಿಪ್ತ ಪುನರಾವೃತ್ತಿ. ಈ ವ್ಯವಸ್ಥೆಯಲ್ಲಿ ಅಡಗಿರುವ ವಿವೇಕವನ್ನು ಗಮನಿಸಬೇಕು. ಬಲೆ ಹೋಗುತ್ತದೆ, ಧೂಳು ಹೋಗುತ್ತದೆ, ಜೇಡಗಳಲ್ಲಿ ಕೆಲವು ಹೋಗುತ್ತವೆ. ಸಂದಿಗೆ ಸರಿದವು ಉಳಿದು ದೀಪಾವಳಿಯ ಹೊತ್ತಿಗೆ ಹೊಸ ಎಳೆ ಹಾಕುತ್ತವೆ. ಮಳೆಯ ಕೀಟಗಳು ತಗ್ಗಿದ ಆ ಋತುವಿನಲ್ಲಿ ಮನೆಗೆ ಅಷ್ಟು ಜೇಡಗಳೇ ಸಾಕು.

ಮನೆಯೊಳಗೆ ಜೇಡಕ್ಕೆ ಶತ್ರುಗಳ ಕೊರತೆಯಿಲ್ಲ. ಹಲ್ಲಿ ಅದರ ಪ್ರತಿಸ್ಪರ್ಧಿಯೂ ಹೌದು, ಭಕ್ಷಕನೂ ಹೌದು. ಹಲ್ಲಿಗಿಂತ ಭಯಂಕರವಾದುದು ಕುಂಬಾರಹುಳುವೆಂದು ಕರೆಯಲ್ಪಡುವ, ಸೊಂಟ ಸಣ್ಣಗಾದ ಕಣಜ. ಕಿಟಕಿಯ ಚೌಕಟ್ಟು, ದೇವರ ಪಟದ ಹಿಂಬದಿ, ಬಳಸದ ಕೀಲಿಕೈ ರಂಧ್ರಗಳಲ್ಲಿ ಹಸಿಮಣ್ಣಿನ ಕೋಶ ಕಟ್ಟಿ, ಜೇಡಗಳನ್ನು ಕುಟುಕಿ, ಸಾಯದಂತೆ ಆದರೆ ಕದಲದಂತೆ ಮಾಡಿ ಹತ್ತಾರನ್ನು ಅದರಲ್ಲಿ ತುರುಕಿ, ಒಂದು ಮೊಟ್ಟೆಯಿಟ್ಟು ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿ ಆ ಜೀವಂತ ಬುತ್ತಿಯನ್ನುಂಡು ಕಣಜವಾಗಿ ಹೊರಬರುತ್ತದೆ. ಹುಳುವನ್ನು ತಂದು ಗೂಡಿನಲ್ಲಿಟ್ಟು ಗುಂಯ್‌ಗುಟ್ಟುತ್ತ ತನ್ನಂತೆಯೇ ಮಾಡಿಕೊಳ್ಳುವುದೆಂಬ ಭ್ರಮರಕೀಟನ್ಯಾಯ, ಗುರುಶಿಷ್ಯರ ಸಂಬಂಧಕ್ಕೆ ನಮ್ಮ ವೇದಾಂತಿಗಳೂ ಶರಣರೂ ಬಳಸಿದ ಆ ಸುಂದರ ದೃಷ್ಟಾಂತ, ಇಂಥ ಗೂಡನ್ನು ನೋಡಿಯೇ ಹುಟ್ಟಿರಬೇಕು. ಗೂಡಿನೊಳಗೆ ನಡೆಯುವುದು ಬೋಧೆಯಲ್ಲ, ಭೋಜನ. ದೃಷ್ಟಾಂತದ ಬೆಲೆ ಅದರಿಂದ ಕಡಮೆಯಾಗುವುದೆಂದು ತಿಳಿಯಬೇಕಾಗಿಲ್ಲ.

ಭಾರತದ ಜೇಡಗಳ ಶಾಸ್ತ್ರೀಯ ಅಧ್ಯಯನಕ್ಕೆ ಆರ್. ಐ. ಪೊಕಾಕನು 1900ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಗಾಗಿ ಬರೆದ ಸಂಪುಟವು ಅಡಿಗಲ್ಲು. ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ಬಿ. ಕೆ. ಟಿಕಾದರರು 1980ರ ದಶಕದಲ್ಲಿ ಹೊರತಂದ ಸಂಪುಟಗಳೂ 1987ರ ಕೈಪಿಡಿಯೂ ಅದನ್ನು ವಿಸ್ತರಿಸಿದುವು.

ಇಂದು ಗೃಹಸ್ಥರು ಜೇಡವನ್ನು ಕಂಡಲ್ಲಿ ಸ್ಪ್ರೇ ಡಬ್ಬಿಯನ್ನು ತೆಗೆಯುವುದುಂಟು. ಕೀಟನಾಶಕವು ಮೈಮೇಲೆ ನೇರವಾಗಿ ಬಿದ್ದ ಜೇಡವನ್ನು ಕೊಲ್ಲುತ್ತದೆ. ಮೂಲೆಯಲ್ಲಿ ಎಳೆಗಳ ಮೇಲೆ ತೂಗುವ, ಗೋಡೆಗೆ ಕಾಲಿನ ತುದಿಗಳನ್ನಷ್ಟೇ ತಾಕಿಸುವ ಜೇಡಕ್ಕೆ ಗೋಡೆಯ ಮೇಲೆ ಉಳಿದ ಔಷಧದ ಲೇಪ ಅಷ್ಟಾಗಿ ತಗಲುವುದಿಲ್ಲ. ಮಕ್ಕಳ ಉಸಿರಿಗೆ ಮಾತ್ರ ತಪ್ಪದೆ ಸೇರುತ್ತದೆ. ಜೇಡ ಕಡಮೆಯಾಗಬೇಕೆಂದು ಬಯಸುವವರು ಅದರ ಅನ್ನವನ್ನು ಕಡಮೆ ಮಾಡುವುದು ಮೇಲು: ನೀರಿನ ಪಾತ್ರೆಗಳಿಗೆ ಮುಚ್ಚಳ, ಬಚ್ಚಲ ಕೊಳವೆಗೆ ಜಾಳಿಗೆ, ರಾತ್ರಿ ಬಾಗಿಲ ಮುಂದಿನ ದೀಪಕ್ಕೆ ವಿಶ್ರಾಂತಿ. ಅಡಿಗೆಮನೆಯಲ್ಲಿಯೂ ತೊಟ್ಟಿಲ ಮೇಲೆಯೂ ವಾರಕ್ಕೊಮ್ಮೆ ಕಸಬರಿಗೆ ಆಡಿಸಿ, ಸ್ನಾನದ ಮನೆ, ಉಗ್ರಾಣ, ಮೆಟ್ಟಿಲಡಿಗಳನ್ನು ಜೇಡಕ್ಕೆ ಬಿಟ್ಟುಕೊಟ್ಟ ಮನೆಗಳಲ್ಲಿ ಎರಡು ಪಕ್ಷಗಳಿಗೂ ದೂರಿಗೆ ಆಸ್ಪದವಿರುವುದಿಲ್ಲ. ದೊಡ್ಡ ಬೇಟೆಗಾರ ಜೇಡವು ಮಲಗುವ ಕೋಣೆಗೆ ಬಂದಾಗ ಅಗಲಬಾಯಿಯ ಡಬ್ಬಿಯನ್ನು ಅದರ ಮೇಲೆ ಕವುಚಿ, ಗೋಡೆಗೂ ಡಬ್ಬಿಗೂ ನಡುವೆ ದಪ್ಪಕಾಗದವನ್ನು ಮೆಲ್ಲನೆ ಸರಿಸಿ ಒಯ್ಯುವುದು ಸುಲಭ. ಹಾಗೆ ಒಯ್ದುದನ್ನು ಬಯಲಿನಲ್ಲಿ ಬಿಡಬಾರದು. ತಲೆತಲಾಂತರದಿಂದ ಸೂರಿನಡಿಯಲ್ಲಿ ಬಾಳಿದ ಈ ಪ್ರಭೇದಗಳು ಇಲ್ಲಿಯ ಏಪ್ರಿಲ್ ಬಿಸಿಲಿನಲ್ಲಿ ಬಹುಕಾಲ ಉಳಿಯಲಾರವು. ದನದ ಕೊಟ್ಟಿಗೆ, ಕಟ್ಟಿಗೆಯ ಒಟ್ಟಲು, ಕಣಿಕೆಯ ಬಣವೆ, ಇವುಗಳಲ್ಲಿ ಯಾವುದಾದರೂ ಹತ್ತಿರವಿದ್ದರೆ ಅಲ್ಲಿ ಬಿಡಬೇಕು. ಫ್ಲಾಟಿನಲ್ಲಿ ಇರುವವರಿಗೆ ಮೀಟರುಗಳಿರುವ ಮೆಟ್ಟಿಲಡಿಯ ಕತ್ತಲೆಕೋಣೆಯೇ ಸಾಕು.